ಕೆಂಚನ ಒಪ್ಪಿಗೆ

ಹರಕೆ ಹೊತ್ತವಳು ಪುಟ್ಟಕ್ಕ, ಉಳಿದ ಜೀವ ಅವಳ ಗಂಡ ಬೋರಪ್ಪನದು, ಹೋಗಬೇಕಾದ ಜೀವ ಮಾತ್ರ ಕೆಂಚನದು. ಇದ್ಯಾವ ನ್ಯಾಯವೋ ಆ ಮುನಿಯಪ್ಪನೇ ಹೇಳಬೇಕು. ಕೆಂಚ ಎಂದರೆ ಬೋರಪ್ಪ ಬಾಟಲಿ ಹಾಲು ಕುಡಿಸಿ ಸಾಕಿದ ಟಗರು. ಅವನು ಕಾಮಾಲೆ ಹತ್ತಿ ಮಧುಗಿರಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಪುಟ್ಟಕ್ಕ, "ಜೀವಕ್ಕೆ ಜೀವ ಕೊಡ್ತೀನಪ್ಪ" ಎಂದು ಹೊಲದ ಮುನಿಯಪ್ಪನಿಗೆ ಕೆಂಚನನ್ನು ಒಪ್ಪಿಸಿಬಿಟ್ಟಿದ್ದಳು.

ಆದರೆ ಮುನಿಯಪ್ಪನದೂ ಒಂದು ಕಟ್ಟಳೆ ಇತ್ತು. ತಲೆಗೆ ನೀರು ಹಾಕಿದಾಗ ಕುರಿ ತಾನಾಗಿ ಮೈ ಒದರಬೇಕು. ಒದರಿದರೆ ದೇವರು ಅದರ ಜೀವದೊಳಗೆ ಇಳಿದು ಒಪ್ಪಿದ ಎಂದರ್ಥ. ಒದರದಿದ್ದರೆ ಕತ್ತಿ ಮುಟ್ಟುವಂತಿಲ್ಲ. ಅದಕ್ಕೇ ಬೋರಪ್ಪ ಬೆಳಿಗ್ಗೆಯೇ ಕೊಟ್ಟಿಗೆ ಹೊಕ್ಕು, ಕೆಂಚನ ಎರಡೂ ಕಿವಿಗೆ ಹತ್ತಿ ತುರುಕಿ, ಕತ್ತಿನಿಂದ ಬಾಲದವರೆಗೆ ಹರಳೆಣ್ಣೆ ತಿಕ್ಕಿದ್ದ.

ಪೂಜಾರಿ ಸಣ್ಣರಂಗಯ್ಯ ಬೋರಪ್ಪನ ಮನೆಯಂಗಳದಲ್ಲೇ ಕೆಂಚನ ತಲೆಗೆ ಒಂದು ಚೊಂಬು ನೀರು ಹುಯ್ದ. ನೀರು ಜಾರಿಹೋಯಿತು. ಮೂರು ಚೊಂಬಾದರೂ ಕೆಂಚ ಮಧುಗಿರಿ ಬೆಟ್ಟದ ಹಾಗೆ ನಿಂತೇ ಇತ್ತು.

"ಏನ್ಲಾ ಬೋರ, ಕುರಿ ಇಂಗೆ ಮಿರಮಿರ ಅಂತದೆ?"

"ಚೆನ್ನಾಗಿ ಸಾಕಿವ್ನಿ ಕಣಣ್ಣ."

ಪಾವಗಡದಿಂದ ಊಟಕ್ಕೆಂದೇ ಬಂದಿದ್ದ ಬೀಗ ಲಕ್ಷ್ಮೀಪತಿ ಸುಮ್ಮನಿರಲಿಲ್ಲ. "ನಮ್ ಕಡೆ ಪ್ರಾಣ ಬಾಲ್ದಾಗೆ ಐತೆ ಅಂತಾರೆ ಬೀಗ್ರೆ" ಎಂದು ಬಾಲ ಹಿಡಿದು ಎಳೆದ. ಕೆಂಚ ಅವನ ಪಾದದ ಮೇಲೆ ಒಂದು ಹಿಡಿ ಹಿಕ್ಕೆ ಹಾಕಿತು.

ಪಕ್ಕದ ಮನೆಯ ಟೀಚರ್ ಸಂಘಮಿತ್ರಾ ಬೇಲಿಯಾಚೆಯಿಂದ, "ಎಲ್ಲ ಜೀವದಲ್ಲೂ ಆಡೋದು ಒಂದೇ ಉಸಿರು ಕಣಣ್ಣ, ಬಿಟ್ಬಿಡಿ ಪಾಪ" ಎಂದರು.

"ನಾನೂ ಅದ್ನೇ ಹೇಳ್ತಿರೋದು ಟೀಚರಮ್ಮ. ಆ ಉಸುರು ಇನ್ನೂ ಇಳೀತಿಲ್ಲ" ಎಂದ ಸಣ್ಣರಂಗಯ್ಯ, ಅವರ ಮನೆಯಿಂದಲೇ ಫ್ರಿಜ್ಜಿನ ನೀರು ತರಿಸಿ ಹುಯ್ದ. ಕೆಂಚ ಮೆಲುಕು ಹಾಕುತ್ತಾ ಎಲ್ಲರ ಮುಖ ನೋಡಿತು.

ಹೊತ್ತು ನೆತ್ತಿಗೇರಿತು. ಪುಟ್ಟಕ್ಕ ಕಟ್ಟಿಟ್ಟ ಮುದ್ದೆ ಆರಿಹೋಯಿತು. ಕೊನೆಗೆ ಸಣ್ಣರಂಗಯ್ಯ ಚೊಂಬು ಕೆಳಗಿಟ್ಟ. "ಸ್ವಾಮಿ ಒಪ್ಪಂಗಿಲ್ಲ. ಕುಂಬಳಕಾಯಿ ಒಡ್ದು ಬೇಳೆಸಾರು ಮಾಡ್ಕಳಿ." ಲಕ್ಷ್ಮೀಪತಿ ಮುಖ ಸಣ್ಣದು ಮಾಡಿಕೊಂಡು ಚಪ್ಪಲಿ ಹುಡುಕತೊಡಗಿದ.

ಬೋರಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ. ಕೆಂಚನ ಕುತ್ತಿಗೆ ತಬ್ಬಿಕೊಂಡು ಅತ್ತೇಬಿಟ್ಟ. ಬೆಳಗಿನಿಂದ ಕಿವಿ ಬಿಗಿದಿಟ್ಟದ್ದು ಪಾಪವೆನಿಸಿತು. ಯಾರೂ ನೋಡುತ್ತಿಲ್ಲವೆಂದು ಎರಡೂ ಹತ್ತಿ ಕಿತ್ತು, ಕಿವಿಗೇ ಬಾಯಿಟ್ಟು, "ಬದುಕ್ಕಂಡೆ ಕಣ್ಲಾ ಮಗ" ಎಂದು ಉಸುರಿದ.

ಆ ಬಿಸಿಯುಸಿರು ಕಿವಿಯೊಳಗೆ ಕಚಗುಳಿಯಿಟ್ಟದ್ದೇ ತಡ, ಕೆಂಚ ಮೂಗಿನಿಂದ ಬಾಲದವರೆಗೆ ಮೈಯೆಲ್ಲ ಒದರಿತು.

"ಒಪ್ತಲ್ಲಪ್ಪ" ಎಂದ ಸಣ್ಣರಂಗಯ್ಯ. ಲಕ್ಷ್ಮೀಪತಿ ಚಪ್ಪಲಿ ಬಿಟ್ಟು ಒಳಗೆ ಬಂದ. ಪುಟ್ಟಕ್ಕ ಕಣ್ಣೊರೆಸಿಕೊಂಡು, "ನಮ್ಮನೆಯವ್ರ ಮಾತು ಅಂದ್ರೆ ಮುನಿಯಪ್ಪಂಗೂ ಸದರ ಅಲ್ಲ" ಎಂದು ಒಲೆಗೆ ಸೌದೆ ತುಂಬಿದಳು.

"ಬೇಳೆಸಾರೇ ಚೆನ್ನಾಗಿರೋದು" ಎಂದ ಬೋರಪ್ಪ, ಹತ್ತಿಯನ್ನು ಮುಷ್ಟಿಯೊಳಗೆ ಹಿಡಿದುಕೊಂಡು. ಯಾರೂ ಕೇಳಿಸಿಕೊಳ್ಳಲಿಲ್ಲ.