ಎಲ್ಲಿ ಕೆಟ್ಟೈತಿ, ಅದನ್ನ ಹೇಳ್ರಿ

ನಾನು ಸಿಟ್ಟಿನಿಂದ ಶುರು ಮಾಡಿದ ಯಾವ ಕೆಲಸವೂ ಸಿಟ್ಟಿನಲ್ಲೇ ಮುಗಿದಿಲ್ಲ. ನಡುವೆ ಯಾರಾದರೊಬ್ಬರು ನಗಿಸಿಯೇ ತೀರುತ್ತಾರೆ.

ಕಚೇರಿಗಳ ಜೊತೆ ಜಗಳ ಆಡುವುದೇ ನನ್ನ ಕೆಲಸ. ಕಾಗದದ ಅರ್ಜಿಗಳು ಕಳೆದುಹೋಗುತ್ತವೆ ಅಂತ ಅಂಬೇವಾಡಿಯ ಮನೆಯಲ್ಲಿ ಕೂತು, ಯಾರ ಹತ್ತಿರವೂ ಕಲಿಯದೆ, ಬೈದುಕೊಳ್ಳುತ್ತಲೇ ಒಂದು ವೆಬ್‌ಸೈಟ್ ಕಟ್ಟಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಜನ ಅದರಲ್ಲಿ ನೀರು, ದೀಪ, ರಸ್ತೆಯ ದೂರು ಬರೆದರೆ ಅದು ಆಯಾ ಕಚೇರಿಗೆ ಹೋಗಬೇಕು. ಹೋಗಬೇಕು ಅಂದೆ, ಹೋಯಿತು ಅನ್ನಲಿಲ್ಲ.

೧. ಖುರ್ಚಿ

ಮುಂಡಗೋಡದ ಕಡೆಯ ಚಿಗಳ್ಳಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಅವರ ಓಣಿಯ ನಳದಲ್ಲಿ ನೀರು ನಿಂತು ತಿಂಗಳುಗಳಾಗಿದ್ದವು. ಊರಾಚೆಯ ಬೋರಿನಿಂದ ಕೊಡ ಹೊತ್ತು ಅವರ ಸೊಂಟ ಬಿದ್ದುಹೋಗಿತ್ತು.

"ಅಣ್ಣಾ, ನಿಮ್ಮ ವೆಬ್‌ಸೈಟಿನ್ಯಾಗ ದೂರು ಒತ್ತಿದ್ರ ‘ಏನೋ ತಪ್ಪಾಗಿದೆ, ನಂತರ ಪ್ರಯತ್ನಿಸಿ’ ಅಂತ ಬರ್ತೈತಿ."

"ಏನ್ ತಪ್ಪಾಗೈತಂತ?"

"ಅದನ್ನ ನೀವು ಹೇಳಬೇಕು. ಕಚೇರ್ಯಾಗೂ ಇದನ್ನೇ ಹೇಳ್ತಾರ. ಆದ್ರ ಅಲ್ಲಿ ಕುಂದ್ರಾಕ ಖುರ್ಚಿನರ ಕೊಡ್ತಾರ."

೨. ಘೋಷಣೆ

ತಪ್ಪುಗಳು ದಾಖಲಾಗುವ ಲಾಗ್ ಫೈಲ್ ತೆಗೆದೆ. ಅಲ್ಲೂ ‘ತಪ್ಪಾಗಿದೆ’ ಅಂತಷ್ಟೇ ಇತ್ತು. ಮೈಯೆಲ್ಲ ಉರಿಯಿತು. ನಾನು ಯಾರನ್ನು ಬೈಯುತ್ತೇನೋ ಅವರಂತೆಯೇ ನನ್ನ ಪ್ರೋಗ್ರಾಮೂ ಮಾತಾಡುತ್ತಿತ್ತು.

ಅವತ್ತೇ ಸ್ಟ್ಯಾಕ್ ಟ್ರೇಸ್ ಸೇರಿಸಿದೆ. ಕಚೇರಿಯಲ್ಲಿ ಒಬ್ಬ ನಮ್ಮನ್ನು ಇನ್ನೊಬ್ಬನ ಕಡೆ, ಅವನು ಮತ್ತೊಬ್ಬನ ಕಡೆ ಅಟ್ಟುತ್ತಾನಲ್ಲ, ಪ್ರೋಗ್ರಾಮಿನಲ್ಲೂ ಹಾಗೇ. ಯಾರು ಯಾರ ಕಡೆ ಅಟ್ಟಿದರು, ಕೊನೆಗೆ ಯಾವ ಫೈಲಿನ ಎಷ್ಟನೇ ಸಾಲಿನಲ್ಲಿ ಕೆಲಸ ಕೆಟ್ಟಿತು, ಆ ಫೈಲ್ ಬರೆದವರು ಯಾರು ಎಂಬುದೆಲ್ಲ ಬರೆದಿಡುವುದು.

ಪ್ರತಿ ಧರಣಿಯಲ್ಲೂ ನನ್ನ ಪಕ್ಕ ಕೂರುವ ಹಳಿಯಾಳದ ಗೆಳೆಯ ಅದನ್ನು ಮೇಲಿಂದ ಕೆಳಗೆ ನೋಡಿದ. ಕೊನೆಯಲ್ಲಿ ನನ್ನ ಹೆಸರಿತ್ತು.

"ಇಷ್ಟೆಲ್ಲಾ ಸುತ್ತಿ ಕಡೀಗೆ ನಿನ್ನ ಮನೀಗೇ ಬಂತಲ್ಲೋ," ಅಂದ. "ಈಗ ಘೋಷಣೆ ಯಾರ ವಿರುದ್ಧ ಕೂಗೂಣು?"

೩. ಗುಡ್ಡದ ಮೇಲಿನ ಪಾರಾಯಣ

ಆ ವಿವರ ಲಾಗಿನಲ್ಲಷ್ಟೇ ಬರಬೇಕಿತ್ತು. ಜನರ ಪರದೆಯ ಮೇಲೂ ಬರುತ್ತಿದೆ ಅಂತ ಗೊತ್ತಾದದ್ದು, ಜೋಯಿಡಾದ ಅಜ್ಜನೊಬ್ಬ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಫೋನಿನಲ್ಲಿ ಆ ಇಂಗ್ಲಿಷನ್ನು ಒಂದೊಂದೇ ಅಕ್ಷರ ಓದತೊಡಗಿದಾಗ.

"ಸಾಕು ಅಜ್ಜಾ, ಗೊತ್ತಾತು," ಅಂದೆ.

"ಸುಮ್ಮನೆ ಕೇಳು ಮಾರಾಯಾ. ನಮ್ಮ ರಸ್ತೆ ಬಗ್ಗೆ ಇಷ್ಟುದ್ದ ಇದುವರೆಗೆ ಯಾರೂ ಬರೆದವರಿಲ್ಲ."

೪. ಫೋಟೋ

ಅಂತೂ ಕೆಟ್ಟ ಜಾಗ ಸಿಕ್ಕಿತು, ಎಂಬತ್ನಾಲ್ಕನೇ ಸಾಲು. ಫೋಟೋ ಲಗತ್ತಿಸದ ದೂರು ಬಂದರೆ, ನನ್ನ ಪ್ರೋಗ್ರಾಮ್ ಇಲ್ಲದ ಫೋಟೋ ಹುಡುಕುತ್ತ ಅಲ್ಲೇ ಬೀಳುತ್ತಿತ್ತು. ಚಿಗಳ್ಳಿಗೆ ಫೋನ್ ಮಾಡಿದೆ.

"ಅಕ್ಕಾ, ಫೋಟೋ ಯಾಕ ಹಾಕಿಲ್ಲ?"

"ಬರಲಾರದ ನೀರಿನ ಫೋಟೋ ಹೆಂಗ ತಗೀಬೇಕು ಅಣ್ಣಾ?"

೫. ಸಾಲು ಎಂಬತ್ನಾಲ್ಕು

ನಾನು ರಿಪೇರಿ ಮಾಡುವಷ್ಟರಲ್ಲಿ ಆ ಅಕ್ಕ ಝೆರಾಕ್ಸ್ ಅಂಗಡಿಯಲ್ಲಿ ಇನ್ನೊಮ್ಮೆ ದೂರು ಒತ್ತಿಸಿದ್ದರು. ಪರದೆಯ ಮೇಲೆ ಬಂದ ಸ್ಟ್ಯಾಕ್ ಟ್ರೇಸನ್ನೇ ರಸೀತಿ ಎಂದುಕೊಂಡು ಪ್ರಿಂಟ್ ಹಾಕಿಸಿ, ನೀರಿನ ಕಚೇರಿಗೆ ಕೊಟ್ಟು ಬಂದಿದ್ದರು. ಅಚ್ಚ ಕನ್ನಡದ ಅರ್ಜಿಗಳನ್ನೆಲ್ಲ ಮೂಲೆಗೆ ಒಗೆದಿದ್ದ ಅಲ್ಲಿನ ಸಾಹೇಬರು, ಕೆಳಗಿದ್ದ, ಧರಣಿಗಳಿಂದ ಅವರಿಗೆ ಚೆನ್ನಾಗಿ ಗೊತ್ತಿದ್ದ ನನ್ನ ಹೆಸರು ನೋಡಿ ಫೋನ್ ಮಾಡಿದರು.

"ನಿಮ್ಮ ನೋಟಿಸ್ ಮುಟ್ಟೈತ್ರಿ."

"ಅದು ನೋಟಿಸ್ ಅಲ್ರಿ. ಎಲ್ಲಿ ಕೆಟ್ಟೈತಿ ಅಂತ ಬರದದ್ದು."

"ಅದು ತಿಳೀತ್ರಿ. ಈ ಸಾಲು ಎಂಬತ್ನಾಲ್ಕು ಅಂದ್ರ ಯಾವ ಕಾಯ್ದೇದ್ರಿ?"

"ಕಾಯ್ದೆ ಅಲ್ರಿ ಸಾಹೇಬ್ರ, ಕೆಟ್ಟದ್ದು ನನ್ನ..."

"ಇದನ್ನ ಮುಂದಕ್ಕ ಬೆಳಸಬ್ಯಾಡ್ರಿ. ನಾಳೆ ಪೈಪ್ ಬದಲಸ್ತೇವಿ."

ಬದಲಿಸಿದರು. ನೀರು ಬಂತು. ನಾನು ಖುಷಿಯಲ್ಲಿ ಕೂತು ಎಂಬತ್ನಾಲ್ಕನೇ ಸಾಲು ಸರಿಪಡಿಸಿದೆ, ಪರದೆಯ ಮೇಲಿನ ವಿವರವನ್ನೂ ತೆಗೆದೆ. ಈಗ ದೂರು ಒತ್ತಿದರೆ ‘ಯಶಸ್ವಿಯಾಗಿ ಸಲ್ಲಿಕೆಯಾಗಿದೆ’ ಅಂತ ಬರುತ್ತದೆ. ದೂರು ನೆಟ್ಟಗೆ ಕಚೇರಿಗೆ ಹೋಗಿ, ಅಲ್ಲಿ ನೆಮ್ಮದಿಯಾಗಿ ಮಲಗುತ್ತದೆ.

ಮೊನ್ನೆ ಅದೇ ಅಕ್ಕನ ಫೋನ್ ಬಂತು.

"ಅಣ್ಣಾ, ಓಣ್ಯಾಗ ಲೈಟಿಲ್ಲ ಅಂತ ದೂರು ಒತ್ತಿದೆ. ಸುರಳೀತ ಹೋತು."

"ಛಲೋ ಆತಲ್ಲ ಅಕ್ಕಾ."

"ಏನ್ ಛಲೋ? ಯಾರನ್ನ ಕೇಳಿ ರಿಪೇರಿ ಮಾಡಿದ್ರಿ? ಲೈಟ್ ಬರೂತನಕ ಅದನ್ನ ಮೊದಲಿನಂಗ ಕೆಡಿಸಿ ಇಡ್ರಿ."