ಹೋಗುತ್ತೇನೆ ಅನ್ನಬಾರದ ಎಮ್ಮೆ

ಮನುಷ್ಯರ ಮೇಲೆ ಹಗೆ ಸಾಧಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಂದು ಕ್ರಿಯಾಪದದ ಮೇಲೆ ಹಗೆ ಸಾಧಿಸಿದವರು ಮಾತ್ರ ನಮ್ಮ ಸೋದರಮಾವ ಒಬ್ಬರೇ! ಆ ಬಡಪಾಯಿ ಕ್ರಿಯಾಪದ 'ಹೋಗು'. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನಾವೂ ಹಾಗೇ ಅನ್ನುತ್ತೇವೆ, ಅಂದು ಸುಮ್ಮನಾಗುತ್ತೇವೆ. ಮಾವ ಸುಮ್ಮನಾಗುವ ಪೈಕಿ ಅಲ್ಲ. ಚೊಂಬು ಹಿಡಿದು ಹಿತ್ತಲಿಗೆ ಹೊರಟವನನ್ನೂ ತಡೆದು ನಿಲ್ಲಿಸಿ 'ಹೋಗಿ ಬರ್ತೀನಿ' ಅನ್ನಿಸುತ್ತಿದ್ದರು. ಅವನ ಅವಸರ ಇವರಿಗೇನು ಗೊತ್ತು?

ಶಿರಾಳಕೊಪ್ಪದಲ್ಲಿ ಅವರದು ಬಟ್ಟೆ ಅಂಗಡಿ. ಸಂತೆಯ ದಿನ ಅಂಗಡಿ ಬಾಗಿಲು ಮುಚ್ಚಿದ್ದೆಂಬುದು ಅವರ ಜನ್ಮದಲ್ಲಿ ಇಲ್ಲ. ಸ್ವಂತ ಮಗಳ ಮದುವೆಗೂ ಸಂತೆಯ ದಿನ ಬಿಟ್ಟೇ ಮುಹೂರ್ತ ಇಡಿಸಿದ ಮಹಾನುಭಾವರು. ಬಿಡುವಾದಾಗ ಸೊರಬದ ನಮ್ಮ ಮನೆಗೆ ಬಂದು ನಮ್ಮೆಲ್ಲರ ಕನ್ನಡ ತಿದ್ದುತ್ತಿದ್ದರು. ಹತ್ತಿರದ ತಾಳಗುಂದದ ಶಾಸನ ಕಲ್ಲಿನಲ್ಲಿ ಕೆತ್ತಿದ್ದಾದ್ದರಿಂದ ಬಚಾವಾಯಿತು.

ನಯಾಪೈಸೆ ಬಂದ ಹೊಸತು. ನಾನೂ ಮಾವನೂ ಬಸ್ಸಿನಲ್ಲಿ ಕೂತಿದ್ದೆವು. ಹೊಸ ಚಿಲ್ಲರೆ ತಲೆಗೆ ಹತ್ತದೆ ಬೆವೆತುಹೋಗಿದ್ದ ಕಂಡಕ್ಟರ್ "ಹೋಗೋಣ, ರೈಟ್" ಅಂದ. ಮಾವ ಎದ್ದು ನಿಂತರು.

"ಹೋಗಿ ಬರೋಣ ಅನ್ನಪ್ಪಾ."

"ಯಜಮಾನ್ರೇ, ಈ ಬಸ್ಸು ಹೋಗೋದೇ ಅನುಮಾನ. ಬರೋದು ನನ್ನ ಕೈಲಿಲ್ಲ ರೀ."

ಮಾವ ಇಳಿದೇಬಿಟ್ಟರು. ಜೊತೆಗೆ ಬಂದ ತಪ್ಪಿಗೆ ನಾನೂ ಇಳಿದೆ. ಬಸ್ಸು ಸುಖವಾಗಿ ಹೋಗಿ, ಸಂಜೆ ಸುಖವಾಗಿ ಬಂತು. ಊರು ತಲುಪದೆ ಉಳಿದವರು ನಾವಿಬ್ಬರೇ.

ಇಂಥವರ ಕೈಗೆ ನನ್ನ ಮಗಳು ಗಿರಿಜೆಯ ಚಿತ್ರಪುಸ್ತಕ ಸಿಕ್ಕಿತು. ಅವಳಾಗ ಒಂದನೇ ಕ್ಲಾಸು. ಅವಳಪ್ಪ ಶಿವಮೊಗ್ಗದಿಂದ ತಂದುಕೊಟ್ಟ ಪುಸ್ತಕ. ಅದರಲ್ಲಿ ಒಂದು ಮುದಿ ಎಮ್ಮೆ, ಅದರ ಬೆನ್ನ ಮೇಲೊಂದು ಬೆಳ್ಳಕ್ಕಿ. ಎರಡಕ್ಕೂ ಪ್ರಾಣದ ಗೆಳೆತನ. ಕಡೆಗೆ ಎಮ್ಮೆ 'ನಾನು ಹೋಗುತ್ತೇನೆ, ಗೆಳತಿ' ಎಂದು ಕಣ್ಣು ಮುಚ್ಚುತ್ತದೆ. ಕೊನೆಯ ಚಿತ್ರದಲ್ಲಿ ಬಯಲಿನ ನಡುವೆ ಬೆಳ್ಳಕ್ಕಿ ಒಂದೇ. ಗಿರಿಜೆಯೂ ಪಕ್ಕದ ಮನೆಯ ಸರೋಜಳೂ ಅದನ್ನು ನೋಡಿ ಅತ್ತು, ಮತ್ತೆ ಮೊದಲಿಂದ ನೋಡಿ ಮತ್ತೆ ಅತ್ತು, ಬಹಳ ಸುಖವಾಗಿದ್ದರು.

ಮಾವನಿಗೆ ಮೈಯೆಲ್ಲ ಉರಿಯಿತು. "ಇದೇನವ್ವಾ, ಮಕ್ಕಳ ಪುಸ್ತಕದಾಗ ಹೋಗುತ್ತೇನೆ ಅಂತ ಅಚ್ಚು ಹಾಕ್ಯಾರ? ಎಮ್ಮಿಗೆ ಬುದ್ಧಿ ಇಲ್ಲ, ಸರಿ. ಬರೆದವರಿಗೂ ಬ್ಯಾಡೇನು?"

ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಆ ಸಾಲು ಹೊಡೆದು ಹಾಕಿ, ಮೇಲೆ 'ಹೋಗಿ ಬರುತ್ತೇನೆ' ಎಂದು ಬರೆದರು. ಅಷ್ಟಕ್ಕೇ ಬಿಟ್ಟರೆ ಅವರು ನಮ್ಮ ಮಾವ ಹೇಗಾದಾರು? ಕೊನೆಯ ಚಿತ್ರದಲ್ಲಿ ಎಮ್ಮೆ ವಾಪಸು ಬಂದಂತೆಯೂ ಬಿಡಿಸಿದರು. ಹೊಲಿಗೆ ಮಿಷನ್ನಿಗೆ ಕೊಂಬು ಬಂದ ಹಾಗಿತ್ತು. ಅದಕ್ಕೂ ಚಪ್ಪಾಳೆ ತಟ್ಟಿದವು ಮಕ್ಕಳು! ಅಂದಿನಿಂದ ಸಂಜೆ ಆಟ ಮುಗಿಸಿ ಬೇರೆಯಾಗುವಾಗ ಇಬ್ಬರದೂ ಒಂದೇ ಮಾತು, 'ಹೋಗಿ ಬರ್ತೀನಿ'.

ಆ ವರ್ಷವೇ ಸರೋಜಳಿಗೆ ವಿಷಮಶೀತ ಜ್ವರ ಬಂತು. ಶಿವಮೊಗ್ಗದ ಆಸ್ಪತ್ರೆಗೆ ಒಯ್ಯುವಾಗ ಬಾಡಿಗೆ ಕಾರಿನ ಕಿಟಕಿಯಿಂದ "ಹೋಗಿ ಬರ್ತೀನಿ ಕಣೇ" ಅಂದಳು. ಬರಲಿಲ್ಲ.

ಗಿರಿಜೆಗೆ ನಾನೇ ಹೇಳಿದೆ. ಅವಳು ನಂಬಲಿಲ್ಲ. "ಬರ್ತೀನಿ ಅಂದಿದಾಳಮ್ಮ. ಎಮ್ಮೆ ಬಂತಲ್ಲ?" ಅಂದಳು. ಶಿವಮೊಗ್ಗದ ಬಸ್ಸು ಬರುವ ಹೊತ್ತಿಗೆ ಜಗಲಿಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದಳು. ಒಂದು ತೊಟ್ಟು ಕಣ್ಣೀರಿಲ್ಲ. ಸರೋಜ ಬಂದ ಮೇಲೆ ಉಣ್ಣುತ್ತೇನೆ ಅನ್ನುವಳು. ಮಗು ಕಣ್ಣೆದುರೇ ಸೊರಗುತ್ತಿತ್ತು, ನನಗೆ ದಿಕ್ಕು ತೋಚದಾಯಿತು.

ಆಗ ಮಾವ ಬಂದರು. ಇದ್ದ ಸಿಟ್ಟೆಲ್ಲ ಅವರ ಮೇಲೆ ತೀರಿಸಿಕೊಂಡೆ.

"ನೋಡಿ ಮಾವ, ನಿಮ್ಮ ಪೆನ್ಸಿಲ್ಲಿನ ಪ್ರತಾಪ. ಅದನ್ನೇ ನಂಬಿಕೊಂಡು ಮಗು ಕಾಯ್ತಾ ಕೂತಿದೆ."

ಮಾವ ರಬ್ಬರ್ ಕೇಳಿದರು. ಗಿರಿಜೆಯ ಪಕ್ಕ ಕೂತು, ಕೊನೆಯ ಪುಟ ತೆಗೆದು ಎಮ್ಮೆಯ ಕೊಂಬು ಅಳಿಸಿದರು. ಆಮೇಲೆ ಕಾಲು, ಆಮೇಲೆ ಬೆನ್ನು. ಬೆಳ್ಳಕ್ಕಿ ಉಳಿಯಿತು.

"ಎಮ್ಮೆ ಎಲ್ಲಿ ಅಜ್ಜಾ?"

"ಹೋಯ್ತವ್ವಾ." ಆ ಪದ ಅವರ ಬಾಯಲ್ಲಿ ಒಂಟಿಯಾಗಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬರಲ್ವಾ?"

"ಬರಂಗಿಲ್ಲ. ಸರೋಜನೂ ಬರಂಗಿಲ್ಲ. ಅಜ್ಜ ಸುಳ್ಳು ಬರೆದಿದ್ದ."

ಗಿರಿಜೆ ಅವರ ಅಂಗಿಗೆ ಮುಖ ಒತ್ತಿಕೊಂಡು ಅತ್ತಳು. ಮಾವನೂ ಅತ್ತರು. ಆ ಹಟಮಾರಿ ಮನುಷ್ಯನ ಮೇಲೆ ನನಗೆ ಎಂದೂ ಇಲ್ಲದ ಅಕ್ಕರೆ ಬಂತು.

ಶಿರಾಳಕೊಪ್ಪದ ಕಡೆಯ ಬಸ್ಸಿಗೆ ಹೊತ್ತಾಯಿತು. ಮಾರನೆಯ ದಿನ ಸಂತೆ. ಮಾವ ಕೊಡೆ ತೆಗೆದುಕೊಂಡು ಬಾಗಿಲಿಗೆ ಬಂದು, "ಹೋಗಿ..." ಎಂದು ಅಷ್ಟಕ್ಕೇ ನಿಂತರು. ಗಿರಿಜೆ ಅವರ ಬಾಯನ್ನೇ ನೋಡುತ್ತಿದ್ದಳು.

ಅವರು ಕೊಡೆಯನ್ನು ಮತ್ತೆ ಗೂಟಕ್ಕೆ ನೇತುಹಾಕಿದರು. "ಒಂದು ತಟ್ಟೆ ಹಾಕವ್ವಾ, ನಾವಿಬ್ರೂ ಒಟ್ಟಿಗೇ ಉಣ್ತೀವಿ" ಅಂದರು.

ಗಿರಿಜೆ ಉಂಡಳು. ಮಾರನೆಯ ದಿನ ಶಿರಾಳಕೊಪ್ಪದ ಸಂತೆ ನಮ್ಮ ಮಾವನಿಲ್ಲದೆ ನಡೆಯಿತು.