ಗೇಟಿನ ಮುಂದೆ ಎರಡು ಹಾರನ್

ಮನೆಯಲ್ಲಿ ಯಾರೂ ಮಾತು ಕೇಳದ ಗಂಡಸಿಗೆ ಒಮ್ಮೆಲೇ ಗುರುಪೀಠ ಸಿಕ್ಕರೆ ಏನಾಗುತ್ತದೆ, ಕೇಳಿ.

ನಾನು ಕ್ಲಾರಿ, ಡಬ್ಬೋ ಪಟ್ಟಣದಾಚೆ ಕುರಿ ಸಾಕಿಕೊಂಡಿರುವವನು. ಮಗಳು ಟಮ್ಸಿನ್ ಯೂನಿವರ್ಸಿಟಿಯಲ್ಲಿ ಗೆಳೆಯರ ಜೊತೆ ಒಂದು ಗಾಡಿ ಕಟ್ಟಿದ್ದಳು. ಕಲ್ಲು, ಹಳ್ಳ, ದಿಣ್ಣೆ ಎನ್ನದೆ ಚಾಲಕನಿಲ್ಲದೆ ತಾನೇ ಓಡುವ ಗಾಡಿ. ವರ್ಷವಿಡೀ ಅದು ಕಲಿತದ್ದು ಒಂದೇ ವಿದ್ಯೆ: ಕಂಡ ಕಂಡ ಮರಕ್ಕೆ ಹಣೆ ಚಚ್ಚಿಕೊಳ್ಳುವುದು. ಕೊನೆಗೆ ಪ್ರೊಫೆಸರ್ ಕೌಲಾಸ್ ಗಡುವು ಕೊಟ್ಟರು. ನಮ್ಮ ಹುಲ್ಲುಗಾವಲಿನ ತುದಿಯ ನೀರಿನ ತೊಟ್ಟಿವರೆಗೆ ತಾನೇ ಹೋಗಿ ಬಂದರೆ ಪಾಸು, ಇಲ್ಲದಿದ್ದರೆ ಇಡೀ ತಂಡ ಫೇಲು.

"ಅಪ್ಪಾ, ದಿನಾ ತೊಟ್ಟಿ ನೋಡೋಕೆ ಹೋಗ್ತೀಯಲ್ಲ, ಇದ್ರಲ್ಲೇ ಹೋಗು. ಯಾವಾಗ್ಲೂ ಹೇಗೆ ಓಡಿಸ್ತೀಯೋ ಹಾಗೇ ಓಡ್ಸು. ನಿನ್ನ ನೋಡಿ ಅದು ಕಲಿಯುತ್ತೆ."

"ಇವನ ಹತ್ರ ಕಲಿಯೋದಾ? ಅಯ್ಯೋ ಪಾಪ, ಗಾಡಿ!" ಎಂದಳು ನನ್ನ ಹೆಂಡತಿ ಗ್ಲೆನಿಸ್.

ಅವಳ ಸಿಟ್ಟಿಗೆ ಕಾರಣವಿತ್ತು. ನಮ್ಮ ಕಡೆ ಪಕ್ಕದಲ್ಲಿ ಕೂತವರೇ ಇಳಿದು ಗೇಟು ತೆಗೆಯಬೇಕು, ಓಡಿಸುವವನು ಮಹಾರಾಜ. ಮದುವೆಯಾದಂದಿನಿಂದ ನಾನು ಮಹಾರಾಜ, ಅವಳು ದ್ವಾರಪಾಲಕಿ. (ತಡಮಾಡಿದರೆ ಎರಡು ಹಾರನ್. ಅದೂ ಪ್ರೀತಿಯಿಂದಲೇ.) ಗೇಟು ತೆಗೆದವಳು ಅಲ್ಲೇ ಕೋಳಿಗಳಿಗೆ ಕಾಳು ಹಾಕಲು ಉಳಿಯುತ್ತಾಳೆ. ಮುಂದಿನ ದಾರಿಗೆ ನಾನು ಮತ್ತು ನಾಯಿ ಸ್ಪ್ಯಾನರ್, ಇಬ್ಬರೇ.

ಹಾಗೇ ದಿನಾ ಆ ಗಾಡಿಯಲ್ಲೇ ತೊಟ್ಟಿಗೆ ಹೋಗಿಬಂದೆ. ಪರೀಕ್ಷೆಯ ದಿನ ಬಂತು. ಓಡಿಸುವವನ ಸೀಟು ಖಾಲಿ. ಗ್ಲೆನಿಸ್, ಟಮ್ಸಿನ್, ಪ್ರೊಫೆಸರ್, ನಾನು, ನಾಯಿ ಎಲ್ಲರೂ ಹತ್ತಿದೆವು. ಗಾಡಿ ಹೊರಟಿತು, ಗೇಟಿನ ಮುಂದೆ ನಿಂತಿತು, ಎರಡು ಸಲ ಹಾರನ್ ಹೊಡೆಯಿತು.

ನಾನು ಗ್ಲೆನಿಸಳನ್ನು ನೋಡಿದೆ.

"ನನ್ನೇನು ನೋಡ್ತೀಯ? ಇವತ್ತು ನೀನು ಡ್ರೈವರ್ ಅಲ್ಲ ಕಣೋ. ಇಳಿ."

ಇಳಿದೆ. ತೆಗೆದೆ. ಗಾಡಿ ಹಳ್ಳ ದಾಟಿತು, ಕಲ್ಲು ತಪ್ಪಿಸಿತು, ಒಂದು ಮರಕ್ಕೂ ಮುತ್ತಿಡಲಿಲ್ಲ. ಶಿಷ್ಯೋತ್ತಮನನ್ನು ಕಂಡು ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಅದು ಸರಕ್ಕನೆ ಎಡಕ್ಕೆ ತಿರುಗಿ, ಮನೆಯಿಂದ ಕಾಣದ ತಗ್ಗಿಗಿಳಿದು, ಒಂದು ದೊಡ್ಡ ಮರದ ನೆರಳಲ್ಲಿ ಗಪ್ಪನೆ ನಿಂತಿತು.

ಟಮ್ಸಿನ್ ಮುಖ ಬಿಳುಚಿತು. "ಕೆಟ್ಟೋಯ್ತು ಅನ್ಸುತ್ತೆ, ಸರ್..." ಪ್ರೊಫೆಸರ್ ಪೆನ್ನು ತೆಗೆದರು.

ಬಾಯಿ ಬಿಟ್ಟರೆ ನಾನು ಫೇಲು, ಬಿಡದಿದ್ದರೆ ಮಗಳು ಫೇಲು.

"ಕೆಟ್ಟಿಲ್ಲ ಸರ್," ಎಂದೆ. "ನಾನೇ ಕಲಿಸಿದ್ದು. ದಿನಾ ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ."

"ಯಾತಕ್ಕೆ?" ಇದು ಪ್ರೊಫೆಸರರ ಪ್ರಶ್ನೆಯಲ್ಲ, ಗ್ಲೆನಿಸಳದು.

"ಕುರಿ... ಕುರಿ ಎಣಿಸೋಕೆ."

ಸ್ಪ್ಯಾನರ್ ಕೆಳಗೆ ಹಾರಿ, ನೆಟ್ಟಗೆ ಮರದ ಪೊಟರೆಗೆ ತಲೆ ಹಾಕಿ, ಬೆಣ್ಣೆಹಿಟ್ಟಿನಲ್ಲಿ ಮಾಂಸ ತುಂಬಿ ಬೇಯಿಸಿದ ಪೈ ಕಟ್ಟಿದ್ದ ಖಾಲಿ ಕಾಗದದ ಚೀಲಗಳನ್ನು ಒಂದೊಂದಾಗಿ ಎಳೆದು ತಂದು ಗ್ಲೆನಿಸಳ ಪಾದದ ಬಳಿ ಅರ್ಪಿಸಿತು. ಡಾಕ್ಟರು ಕೊಬ್ಬು ಬೇಡ ಎಂದ ದಿನದಿಂದ ಅವಳು ನನಗೆ ಬೀಟ್‌ರೂಟ್ ತಿನ್ನಿಸುತ್ತಿದ್ದಾಳೆ. (ನಾಯಿಗೆ ದಿನಾ ಪೈ ಅಂಚು ಕೊಟ್ಟವನು ನಾನೇ. ಕೃತಘ್ನ!)

"ಅದಕ್ಕೇ ನೀನು ಒಂದು ಗ್ರಾಮೂ ಇಳೀಲಿಲ್ಲ!"

ನಾನು ದಿನಾ ಎರಡು ಪೈ ತಿನ್ನುವಷ್ಟು ಹೊತ್ತಿನ ಬಳಿಕ ಗಾಡಿ ತಾನಾಗಿ ತಗ್ಗಿನಿಂದ ಮೇಲೇರಿ, ತೊಟ್ಟಿಗೆ ಹೋಗಿ, ಮನೆಗೆ ಮರಳಿತು. ಪ್ರೊಫೆಸರ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ, "ಇಷ್ಟು ಪ್ರಾಮಾಣಿಕ ಯಂತ್ರ ನಾನು ನೋಡೇ ಇಲ್ಲ," ಎಂದು ತಂಡವನ್ನು ಪಾಸು ಮಾಡಿದರು.

ಗಾಡಿ ಸದ್ಯಕ್ಕೆ ನಮ್ಮಲ್ಲೇ ಇದೆ. ದಿನಾ ತೊಟ್ಟಿ ನೋಡಲು ಹೋಗುವಾಗ ಓಡಿಸುವವರ ಸೀಟಿನಲ್ಲಿ ಗ್ಲೆನಿಸ್, ಪಕ್ಕದಲ್ಲಿ ನಾನು. ಗಾಡಿ ಈಗಲೂ ಮರದ ಕೆಳಗೆ ನಿಲ್ಲುತ್ತದೆ. ಅಲ್ಲಿ ನನಗೆ ಬೀಟ್‌ರೂಟ್. ಅದಕ್ಕೂ ಮೊದಲು ಗೇಟು ಬರುತ್ತದೆ. ನನ್ನ ಮಂಡಿ ನೋವು, ಬೇಗ ಇಳಿಯಲಾಗುವುದಿಲ್ಲ. ಎರಡು ಹಾರನ್.

"ಪ್ರೀತಿಯಿಂದ ಕಣೋ," ಎನ್ನುತ್ತಾಳೆ ಗ್ಲೆನಿಸ್.